ಬಿಡಿಭಾಗಗಳ ಋಣ

“ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಈ ಮಾತು ಆನೆಗೆ ಎಷ್ಟರಮಟ್ಟಿಗೆ ಒಪ್ಪುವುದೋ ನಾನು ಬಲ್ಲವನಲ್ಲ. ನಮ್ಮ ಮನೆತನದಲ್ಲಿ ಆನೆಯ ವ್ಯಾಪಾರ ಮಾಡಿದವರು ಯಾರೂ ಇಲ್ಲ. ಹಳೆಯ ಕಾರಿನ ವಿಷಯದಲ್ಲಿ ಮಾತ್ರ ಇದು ಅಕ್ಷರಶಃ ನಿಜ. ಕೆಲವು ವೇಳೆ ಸತ್ತ ಕಾರಿನ ಬೆಲೆಯೇ ಬದುಕಿರುವ ಕಾರಿನ ಬೆಲೆಗಿಂತ ಹೆಚ್ಚು. ಇಡಿಯಾಗಿ ಕೊಳ್ಳುವವರಿಲ್ಲದ ಗಾಡಿಯನ್ನು ಬಿಚ್ಚಿ, ಬಾಗಿಲು ಬೇರೆ, ಗಾಜು ಬೇರೆ, ಎಂಜಿನ್ ಬೇರೆ, ಚಕ್ರ ಬೇರೆ ಮಾಡಿ ಇಟ್ಟರೆ ಒಂದೊಂದಕ್ಕೂ ಒಬ್ಬೊಬ್ಬ ಗಿರಾಕಿ ಹುಟ್ಟುತ್ತಾನೆ. ಇಡಿಗಿಂತ ಬಿಡಿಗೆ ಬೆಲೆ ಹೆಚ್ಚಾಗುವ ಈ ವಿಚಿತ್ರ ಗಣಿತ ಬಹಳ ದಿನಗಳಿಂದ ನನ್ನನ್ನು ಯೋಚನೆಗೆ ಹಚ್ಚಿದೆ. ಇದು ಪೇಟೆಯ ಮಾತು ಹೇಗೋ ಹಾಗೆ ಧರ್ಮದ ಮಾತೂ ಹೌದು ಎಂದು ನನಗೆ ತೋರುತ್ತದೆ.

ನನ್ನಲ್ಲಿರುವುದು ಒಂದು ಪದ್ಮಿನಿ ಕಾರು. ಇಟಲಿಯ ಫಿಯಟ್ 1100ರ ನಕ್ಷೆಯನ್ನನುಸರಿಸಿ ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿಯವರು ತಯಾರಿಸುತ್ತಿದ್ದ ಗಾಡಿ. 1089 ಸಿ.ಸಿ.ಯ, ನಾಲ್ಕು ಸಿಲಿಂಡರಿನ ಎಂಜಿನ್. ಗೇರಿನ ಕೋಲು ಇರುವುದು ನೆಲದ ಮೇಲಲ್ಲ, ಸ್ಟೀರಿಂಗಿನ ಕೊರಳಿನಲ್ಲಿ. ಮುಂದಿನ ಬಾಗಿಲುಗಳಲ್ಲಿ ಗಾಳಿಗಾಗಿ ತಿರುಗಿಸಿಕೊಳ್ಳುವ ಮೂರು ಮೂಲೆಯ ಪುಟ್ಟ ಗಾಜು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಇದರ ತಯಾರಿಕೆಯೂ ಕೊನೆಯಾಯಿತು. ಇದರ ಸಮಕಾಲೀನವಾದ ಅಂಬಾಸಡರ್ ಇನ್ನಷ್ಟು ವರ್ಷ ಉಸಿರು ಹಿಡಿದಿದ್ದು, 2014ರಲ್ಲಿ ಉತ್ತರಪಾರದ ಕಾರ್ಖಾನೆಯಲ್ಲಿ ನಿಂತುಹೋಯಿತು. ಮುಂಬೈಯ ಬೀದಿಗಳಿಗೇ ಗುರುತಾಗಿದ್ದ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಟ್ಟಕಡೆಯದರ ಇಪ್ಪತ್ತು ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಹೀಗೆ ಬೀಜವೇ ನಿಂತುಹೋದ ಕುಲದ ಗಾಡಿ ನನ್ನದು. ಸವೆದುಹೋದ ಒಂದು ಸಾಮಾನು ಬೇಕೆಂದರೆ ಕಾರ್ಖಾನೆಗೆ ಬರೆದು ತರಿಸುವ ಹಾಗಿಲ್ಲ; ಅದೇ ಕುಲದ ಇನ್ನೊಂದು ಗಾಡಿ ಎಲ್ಲಿಯಾದರೂ ಕಣ್ಣು ಮುಚ್ಚಿರಬೇಕು. ಒಂದರ ಸಾವು ಇನ್ನೊಂದರ ಬದುಕಾಗುವ ಈ ಏರ್ಪಾಡಿನಲ್ಲಿ ನಾನೂ ಪಾಲುದಾರ.

ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ಕಂಡವರಿಗೆ ಈ ಏರ್ಪಾಡನ್ನು ವಿವರಿಸಬೇಕಾಗಿಲ್ಲ. ಕಾಣದವರು ಒಂದು ಸಲ ಹೋಗಿ ಬರಬೇಕು. ಇಕ್ಕಟ್ಟಾದ ಓಣಿಗಳು, ಎರಡು ಕಡೆಯೂ ಬಾಗಿಲುಗಳ ರಾಶಿ, ಬಂಪರುಗಳ ರಾಶಿ, ತೆಂಗಿನಕಾಯಿ ಒಟ್ಟಿದಂತೆ ಒಟ್ಟಿದ ದೀಪದ ಬಟ್ಟಲುಗಳು. ಎಣ್ಣೆಯಲ್ಲಿ ಮಿಂದ ನೆಲ. ಹೊಸಬನ ಕಣ್ಣಿಗೆ ಎಲ್ಲವೂ ಕಸ. ಅಲ್ಲಿ ಕುಳಿತ ಹುಡುಗನಿಗೆ ಮಾತ್ರ ಒಂದೊಂದರ ಜಾತಕವೂ ಗೊತ್ತು. ಕೈಗೆ ಕೊಟ್ಟ ಕಬ್ಬಿಣದ ತುಂಡನ್ನು ಒಮ್ಮೆ ತಿರುವಿ ನೋಡಿ, ಇದು ಇಂಥ ಗಾಡಿಯ ಎಡಗಡೆಯದು, ನಿಮಗೆ ಬೇಕಾದದ್ದು ಬಲಗಡೆಯದು ಎಂದು ಹೇಳಿಬಿಡುತ್ತಾನೆ. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದ ಆ ಹುಡುಗನ ವಿದ್ಯೆಯನ್ನು ವಿದ್ಯೆಯೆಂದು ಕರೆಯಲು ನಮಗೆ ಏಕೆ ಸಂಕೋಚವೋ ತಿಳಿಯದು.

ಈ ಪೇಟೆಯಲ್ಲಿ ಕೊಳ್ಳುವವನಿಗೂ ಸ್ವಲ್ಪ ವಿದ್ಯೆ ಬೇಕು. ಹಳೆಯ ಸಾಮಾನುಗಳಲ್ಲಿ ನಾನು ಮೂರು ಜಾತಿ ಕಂಡಿದ್ದೇನೆ. ಮೊದಲನೆಯದು ಕಾಲಕ್ಕೆ ಹೆಚ್ಚಾಗಿ ಬಗ್ಗದ ಜಾತಿ: ಕಿಟಕಿಯ ಗಾಜು, ಬಾಗಿಲಿನ ಹಿಡಿ, ಗಾಜು ಏರಿಸುವ ಹಿಡಿಕೆ, ಡಿಕ್ಕಿಯ ಕೀಲು, ವೇಗ ತೋರಿಸುವ ಮೀಟರಿನ ಚೌಕಟ್ಟು. ಒಡೆದಿಲ್ಲ, ತುಕ್ಕು ತಿಂದಿಲ್ಲ ಎಂದರೆ ಆಯಿತು. ಇನ್ನೊಂದು ಗಾಡಿಯಲ್ಲಿ ಇನ್ನೊಂದು ಆಯುಷ್ಯ ಕಳೆಯಬಲ್ಲವು. ಎರಡನೆಯದು ಸವೆಯುವ, ಆದರೆ ಮರಳಿ ಸರಿಮಾಡಬಹುದಾದ ಜಾತಿ. ಕ್ರ್ಯಾಂಕ್ ಶಾಫ್ಟನ್ನು ಒಂದು ಅಂಗುಲದ ಸಾವಿರದಲ್ಲಿ ಹತ್ತು ಭಾಗ ಉಜ್ಜಿಸಿ, ಅದಕ್ಕೆ ತಕ್ಕಷ್ಟು ದಪ್ಪದ ಬೇರಿಂಗು ಕೂಡಿಸಬಹುದು. ಮುಂದೆ ಇಪ್ಪತ್ತು, ಮೂವತ್ತು ಭಾಗದವರೆಗೂ ಹೋಗಬಹುದು. ಆಮೇಲೆ ದಾರಿ ಮುಗಿಯಿತು. ಆದ್ದರಿಂದ ಕೊಳ್ಳುವ ಮೊದಲು ಹಿಂದಿನವರು ಎಷ್ಟು ಉಜ್ಜಿಸಿದ್ದಾರೆಂದು ಮೈಕ್ರೋಮೀಟರ್ ಹಿಡಿದು ಅಳೆಯಬೇಕು. ಡೈನಮೋದ ಕಾರ್ಬನ್ ಬ್ರಷ್ಷು ಬದಲಾಯಿಸಬಹುದು, ಸುರುಳಿ ಸುತ್ತಿಸಬಹುದು. ರೇಡಿಯೇಟರು ಹಿತ್ತಾಳೆ ತಾಮ್ರದ್ದಾದರೆ ಬೆಸುಗೆ ಹಿಡಿಯುತ್ತದೆ.

ಮೂರನೆಯದು ಎಷ್ಟು ಅಗ್ಗವಾದರೂ ಮುಟ್ಟಬಾರದ ಜಾತಿ: ಬ್ರೇಕಿನ ರಬ್ಬರು ಕೊಳವೆಗಳು, ಬ್ರೇಕ್ ಸಿಲಿಂಡರಿನೊಳಗಿನ ವಾಷರುಗಳು, ಸ್ಟೀರಿಂಗಿನ ಸರಳುಗಳ ತುದಿಯ ಗುಂಡುಕೀಲು, ಹಳೆಯ ಟೈರು. ಇವು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಹಣ್ಣಾಗಿರುತ್ತವೆ. ಕೈಕೊಡುವ ಮೊದಲು ಹೇಳಿ ಕಳಿಸುವುದಿಲ್ಲ. ಮಿಕ್ಕ ಸಾಮಾನು ಕೆಟ್ಟರೆ ನಷ್ಟ ನನ್ನದು. ಗಾಡಿ ರಸ್ತೆಯ ಪಕ್ಕದಲ್ಲಿ ನಿಲ್ಲುತ್ತದೆ, ನಾನು ಬಸ್ಸು ಹಿಡಿಯುತ್ತೇನೆ. ಬ್ರೇಕು ಕೆಟ್ಟರೆ ನಷ್ಟ ರಸ್ತೆ ದಾಟುತ್ತಿರುವ ಯಾರದೋ ಮಗುವಿನದು. ತನ್ನ ಊಟ ಕಡಿಮೆ ಮಾಡಿಕೊಂಡು ಉಳಿಸುವುದು ಮಿತವ್ಯಯ; ಪಕ್ಕದವನ ತಟ್ಟೆಯಿಂದ ಕಡಿಮೆ ಮಾಡಿ ಉಳಿಸುವುದಕ್ಕೆ ಬೇರೆ ಹೆಸರಿದೆ. ಗುಜರಿಯ ಧರ್ಮಶಾಸ್ತ್ರದಲ್ಲಿ ಇದೇ ಮೊದಲನೆಯ ಸೂತ್ರವೆಂದು ನನ್ನ ಭಾವನೆ: ಉಳಿತಾಯದ ಲಾಭ ಯಾರಿಗೋ ಅಪಾಯವೂ ಅವರಿಗೇ ಇರಬೇಕು.

ಹೀಗೆ ಅಲ್ಲಿಂದೊಂದು ಇಲ್ಲಿಂದೊಂದು ತಂದು ಕೂಡಿಸುತ್ತ ಹೋದರೆ ಕೊನೆಗೆ ಉಳಿಯುವುದು ನನ್ನ ಕಾರೇ ಅಥವಾ ಬೇರೊಂದೇ? ಇದು ಪುರಾತನ ಪ್ರಶ್ನೆ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಯವನರಾಜ ಮಿಲಿಂದನಿಗೂ ನಾಗಸೇನನೆಂಬ ಬೌದ್ಧ ಭಿಕ್ಷುವಿಗೂ ನಡೆದ ಸಂವಾದದಲ್ಲಿ ಈ ಮಾತು ಬರುತ್ತದೆ. ರಥದಲ್ಲಿ ಬಂದೆನೆಂದ ರಾಜನನ್ನು ಭಿಕ್ಷು ಕೇಳುತ್ತಾನೆ: ಮೂಕಿಯೇ ರಥವೋ, ಅಚ್ಚೇ ರಥವೋ, ಚಕ್ರವೇ ರಥವೋ? ಯಾವುದೂ ಅಲ್ಲವೆಂದು ರಾಜ ಒಪ್ಪಬೇಕಾಗುತ್ತದೆ. ರಥವೆಂಬುದು ಇವೆಲ್ಲ ಕೂಡಿದಾಗ ನಾವು ಇಡುವ ಹೆಸರು ಎಂಬುದು ನಿರ್ಣಯ. ಗ್ರೀಸಿನಲ್ಲಿಯೂ ಇಂಥದೇ ಕಥೆ. ಅಥೆನ್ಸಿನವರು ಥೀಸಿಯಸ್ ವೀರನ ಹಡಗನ್ನು ಕಾಪಾಡುತ್ತ, ಕೊಳೆತ ಹಲಗೆ ತೆಗೆದು ಹೊಸ ಹಲಗೆ ಹಾಕುತ್ತ ಬಂದರೆಂದೂ, ಅದು ಅದೇ ಹಡಗು ಹೌದೋ ಅಲ್ಲವೋ ಎಂದು ಅಲ್ಲಿಯ ಪಂಡಿತರು ಜಗಳವಾಡಿದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. 1655ರಲ್ಲಿ ಇಂಗ್ಲೆಂಡಿನ ಹಾಬ್ಸ್ ಇದಕ್ಕೆ ಇನ್ನೊಂದು ಗಂಟು ಹಾಕಿದ. ತೆಗೆದುಹಾಕಿದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟುಕೊಂಡು, ಅದೇ ಕ್ರಮದಲ್ಲಿ ಜೋಡಿಸಿ ಹಡಗು ಮಾಡಿದರೆ, ಎರಡರಲ್ಲಿ ನಿಜವಾದದ್ದು ಯಾವುದು?

ಹಾಬ್ಸನು ಗುಜರಿಯಲ್ಲಿ ಓಡಾಡಿದವನಲ್ಲವೆಂದು ಕಾಣುತ್ತದೆ. ನನ್ನ ಗಾಡಿಯಿಂದ ಇದುವರೆಗೆ ಕಳಚಿದ ಸಾಮಾನುಗಳನ್ನು ಯಾರಾದರೂ ಕೂಡಿಟ್ಟು ಜೋಡಿಸಿದರೆ ಕಾರಿನ ಆಕಾರವೇನೋ ಬಂದೀತು. ಆದರೆ ಅದು ಒಂದು ಗಜವೂ ಓಡದು. ಓಡದ್ದರಿಂದಲೇ ಅವುಗಳನ್ನು ತೆಗೆದದ್ದು! ಹಡಗಿನ ಹಲಗೆಯನ್ನು ಗಟ್ಟಿಯಿರುವಾಗಲೇ ಕಿತ್ತರೆಂದು ಭಾವಿಸಿದರೆ ಮಾತ್ರ ಅವನ ಪ್ರಶ್ನೆಗೆ ಕಾವು. ಸಂಸಾರದಲ್ಲಿ ನಾವು ಬದಲಾಯಿಸುವುದು ಹೆಚ್ಚಾಗಿ ಕೆಟ್ಟದ್ದನ್ನು, ಅದೂ ಕೆಲಸ ನಡೆಯುತ್ತಿರುವಾಗಲೇ. ನಮ್ಮ ಊರುಗಳ ತೇರನ್ನು ನೋಡಿ. ಕೆತ್ತನೆಯ ಗಡ್ಡೆಯೂ ಚಕ್ರಗಳೂ ವರ್ಷವೆಲ್ಲ ತೇರಿನ ಮನೆಯಲ್ಲಿ ನಿಂತಿರುತ್ತವೆ. ಜಾತ್ರೆ ಬಂದಾಗ ಬೊಂಬು, ಬಟ್ಟೆ, ಹಗ್ಗಗಳಿಂದ ಮೇಲಿನ ಗೋಪುರವನ್ನು ಕಟ್ಟುತ್ತಾರೆ. ಚಕ್ರ ಸೀಳಿದ ವರ್ಷ ಚಕ್ರವೂ ಹೊಸದು. ಆದರೂ ಇದು ಬೇರೆ ತೇರೆಂದು ಯಾವ ಭಕ್ತನೂ ಹಗ್ಗ ಬಿಟ್ಟು ಹಿಂದೆ ಸರಿದದ್ದಿಲ್ಲ. ಎಳೆಯುವವರ ಕೈ ತಪ್ಪದೆ ಬಂದಿದೆ. ತೇರಿಗೆ ಅದೇ ಗುರುತು.

ಸರ್ಕಾರಕ್ಕೆ ಇಷ್ಟು ತತ್ತ್ವ ಬೇಡ. ಕಾರಿನ ಗುರುತು ಚಾಸಿಯ ಸಂಖ್ಯೆಯಲ್ಲಿದೆ ಎಂದು ಅದು ತೀರ್ಮಾನಿಸಿಬಿಟ್ಟಿದೆ. ಎಂಜಿನ್ ಬದಲಾದರೆ ನೋಂದಣಿ ಪತ್ರದಲ್ಲಿ ಅದನ್ನು ಕಾಣಿಸಿ ಬರೆಸಿಕೊಂಡರಾಯಿತು; ಚಾಸಿಯ ಸಂಖ್ಯೆ ಹೋದರೆ ಗಾಡಿಯೇ ಹೋದಂತೆ. ಇದರಲ್ಲಿ ಒಂದು ವಿನೋದವಿದೆ. ಲಾರಿಗೆ ಇರುವಂತೆ ಪದ್ಮಿನಿಗೆ ಬೇರೆಯಾದ ಚಾಸಿ ಇಲ್ಲ. ಮೈಯ ತಗಡೇ ಅದರ ಬೆನ್ನೆಲುಬು. ಆ ತಗಡಿನ ಒಂದು ಮೂಲೆಯಲ್ಲಿ ಒತ್ತಿದ ಕೆಲವು ಅಂಕೆಗಳಲ್ಲಿ ಅದರ ಆತ್ಮವಿದೆಯೆಂದು ಕಾನೂನು ನಂಬುತ್ತದೆ. ಉಪನಿಷತ್ಕಾರರು ಹೃದಯದ ಗುಹೆಯಲ್ಲಿ ಹುಡುಕಿದ್ದನ್ನು ಸಾರಿಗೆ ಇಲಾಖೆಯವರು ಬಾನೆಟ್ಟಿನ ಕೆಳಗೆ ಹುಡುಕುತ್ತಾರೆ!

ಆದರೆ ‘ಇದು ಅದೇ ಕಾರೇ’ ಎಂಬ ಪ್ರಶ್ನೆ ವಿರಾಮದಲ್ಲಿ ಕುಳಿತು ಆಡುವಂಥದು. ಅದಕ್ಕೆ ಉತ್ತರ ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ. ಮನಸ್ಸನ್ನು ನಿಜವಾಗಿ ಚುಚ್ಚುವ ಪ್ರಶ್ನೆಗಳು ಬೇರೆ ಎರಡು ಇವೆ.

ಒಂದು: ಬದುಕಬಲ್ಲ ಗಾಡಿಯನ್ನು ಬಿಚ್ಚಬಹುದೇ? ಇಡಿಗಿಂತ ಬಿಡಿಗೆ ಬೆಲೆ ಹೆಚ್ಚು ಎಂದೆನಲ್ಲ. ಆ ಕಾರಣದಿಂದಲೇ ಅಷ್ಟಿಷ್ಟು ದುರಸ್ತಿಯಿಂದ ಎದ್ದು ಓಡಬಹುದಾದ ಗಾಡಿಗಳೂ ಗುಜರಿಯ ಸುತ್ತಿಗೆಗೆ ಸಿಕ್ಕುತ್ತವೆ. ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ಸ್ನೇಹಿತರೊಬ್ಬರೊಡನೆ ಈ ಬಗ್ಗೆ ಮಾತು ಬೆಳೆಯಿತು. “ಇದರಲ್ಲಿ ಪಾಪ ಪುಣ್ಯ ಎಲ್ಲಿ ಬಂತು ಸ್ವಾಮಿ? ಓಡದ ಎರಡು ಕಾರಿಗಿಂತ ಓಡುವ ಒಂದು ಮೇಲು. ಕಬ್ಬಿಣಕ್ಕೇನು ನೋವೇ?” ಎಂದರು ಅವರು.

ಕಬ್ಬಿಣಕ್ಕೆ ನೋವಿಲ್ಲ, ಒಪ್ಪುತ್ತೇನೆ. ಮನುಷ್ಯನ ಅಂಗದಾನಕ್ಕೆ ಇದನ್ನು ಹೋಲಿಸುವವರಿದ್ದಾರೆ. ಆ ಹೋಲಿಕೆ ನನಗೆ ಹಿಡಿಸದು. ದಾನ ಮಾಡುವವನಿಗೆ ಮನಸ್ಸಿದೆ, ಒಪ್ಪಿಗೆಯಿದೆ. ಕಾರಿಗೆ ಎರಡೂ ಇಲ್ಲ. ಆದರೆ ಸ್ನೇಹಿತರ ಲೆಕ್ಕದಲ್ಲಿ ಒಂದು ಕಲಮು ಬಿಟ್ಟುಹೋಗಿದೆ. ಓಡದ ಎರಡರಲ್ಲಿ ಯಾವುದು ಉಳಿಯಬೇಕೆಂದು ತೀರ್ಮಾನಿಸುವವರು ಯಾರು? ‘ನನ್ನದು’ ಎಂದು ಹೇಳುವುದಕ್ಕೆ ನನಗೆ ಒಂದು ಕ್ಷಣವೂ ಬೇಡ. ಅಲ್ಲಿಯೇ ಪೆಟ್ಟು ಬೀಳುವುದು. ನನ್ನ ಗಾಡಿಗೆ ಗೇರ್‌ಪೆಟ್ಟಿಗೆ, ಎಂಜಿನ್, ಎರಡು ಬಾಗಿಲು ಬೇಕಾಗಿದ್ದು, ಎದುರಿನ ಗಾಡಿಗೆ ಬರೀ ಬ್ಯಾಟರಿಯೂ ಕಾರ್ಬುರೇಟರಿನ ಶುದ್ಧಿಯೂ ಸಾಕೆನ್ನುವ ಹಾಗಿದ್ದರೆ, ಸ್ನೇಹಿತರ ಲೆಕ್ಕದ ಪ್ರಕಾರವೇ ಬಿಚ್ಚಬೇಕಾದದ್ದು ನನ್ನದು! ಒಡೆತನ ಎಂಬುದು ತಕ್ಕಡಿಯ ಮೇಲೆ ಹಿಡಿದ ಹೆಬ್ಬೆರಳು. ಅದನ್ನು ತೆಗೆದು ತೂಗಿದರೆ ನ್ಯಾಯ ಯಾವ ಕಡೆ ಬೀಳುವುದೋ ಹೇಳಬರುವುದಿಲ್ಲ. ಆದಕಾರಣ ಬಿಚ್ಚಲು ನಿಂತ ಗಾಡಿಯ ಮುಂದೆ ನಾನು ಕೇಳುವ ಪ್ರಶ್ನೆ, ಇದರಲ್ಲಿ ನನಗೆ ಬೇಕಾದದ್ದು ಏನಿದೆ ಎಂದಲ್ಲ. ಇದು ಎದ್ದು ನಿಲ್ಲಲು ಏನು ಬೇಕು ಎಂದು. ಅದಕ್ಕೆ ಉತ್ತರ ಸಣ್ಣದಾಗಿದ್ದರೆ ಕೈ ಹಾಕಬಾರದು. ಈ ಮಾತು ಕಾರಿಗೆ ಮಾತ್ರ ಅಲ್ಲ. ಮುಚ್ಚುವ ಸ್ಥಿತಿಯ ಸಣ್ಣ ಶಾಲೆಯನ್ನು ದೊಡ್ಡ ಶಾಲೆ ನುಂಗುವಾಗಲೂ, ಹಾಳು ಗುಡಿಯೆಂದು ಅದರ ಕಂಬ ಕಿತ್ತು ಹೊಸ ಗುಡಿಗೆ ಹಾಕುವಾಗಲೂ ಇದೇ ಪ್ರಶ್ನೆಯನ್ನು ಮೊದಲು ಕೇಳಬೇಕು.

ಬಿಚ್ಚುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬಿಚ್ಚುವುದರಲ್ಲಿಯೂ ಎರಡು ಬಗೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನೋಡಿದವರಿಗೆ ಇದು ಗೊತ್ತು. ಕೆಡವಿಹಾಕಲಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈಯವರು ಕಂಬ ಕಂಬವಾಗಿ ಬಿಚ್ಚಿಸಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕೆಡವುವವನಿಗೆ ಬೇಕಾದದ್ದು ಜಾಗ; ಬಿಚ್ಚುವವನಿಗೆ ಬೇಕಾದದ್ದು ಮನೆ. ಕಾರಿನಲ್ಲಿಯೂ ಹಾಗೆಯೇ. ತುಕ್ಕು ಹಿಡಿದ ನಟ್ಟಿಗೆ ಸೀಮೆಎಣ್ಣೆ ಸುರಿದು ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಮೆಲ್ಲಗೆ ತಟ್ಟಿ ಸಡಿಲಿಸಿ, ತೆಗೆದ ನಟ್ಟನ್ನು ಅದರ ಬೋಲ್ಟಿಗೇ ಮರಳಿ ತಿರುಗಿಸಿಟ್ಟು, ತಂತಿಗೆ ಚೀಟಿ ಕಟ್ಟುವ ಮೇಸ್ತ್ರಿ ಒಬ್ಬ. ಉಳಿ ಸುತ್ತಿಗೆಯಿಂದ ಕಡಿದು ಬೇಕಾದದ್ದನ್ನು ಕಿತ್ತುಕೊಂಡು, ಬೇಡವಾದ ಹತ್ತು ಸಾಮಾನು ಹಾಳುಮಾಡುವವನು ಇನ್ನೊಬ್ಬ. ಇಬ್ಬರೂ ಕಾರನ್ನು ಇಲ್ಲವಾಗಿಸುತ್ತಾರೆ. ಮೊದಲಿನವನ ಕೈಯಲ್ಲಿ ಹತ್ತು ಗಾಡಿಗಳಿಗೆ ಆಯುಷ್ಯ ಬರುತ್ತದೆ, ಎರಡನೆಯವನ ಕೈಯಲ್ಲಿ ಒಂದಕ್ಕೆ.

ಇನ್ನು ಎರಡನೆಯ ಪ್ರಶ್ನೆ: ಈ ಸಾಮಾನು ಎಲ್ಲಿಂದ ಬಂತೆಂದು ಕೇಳಬೇಕೇ? ಇದು ಹೆಚ್ಚು ಕಹಿಯಾದದ್ದು. ಉತ್ತರ ಪ್ರದೇಶದ ಮೀರತ್ತಿನಲ್ಲಿ ಸೋತೀಗಂಜ್ ಎಂಬ ಪೇಟೆಯಿತ್ತು. ಕದ್ದ ವಾಹನಗಳನ್ನು ಅಲ್ಲಿ ಬಿಚ್ಚಿ ಬಿಡಿಯಾಗಿ ಮಾರುತ್ತಾರೆಂಬ ಹೆಸರು ದೇಶದ ತುಂಬ ಹಬ್ಬಿತ್ತು. 2021ರ ಡಿಸೆಂಬರಿನಲ್ಲಿ ಪೊಲೀಸರು ಆ ಪೇಟೆಯನ್ನೇ ಮುಚ್ಚಿಸಿದರು. ಪತ್ರಿಕೆಯಲ್ಲಿ ಅದನ್ನೋದಿ ನಾವೆಲ್ಲ ತಲೆದೂಗಿದೆವು. ಆದರೆ ಅಂಥ ಪೇಟೆ ವರ್ಷಾನುವರ್ಷ ನಡೆದದ್ದು ಕಳ್ಳರಿಂದ ಮಾತ್ರವೇ? ಕಳ್ಳನಿಗೆ ಕಾರಿನ ಬಾಗಿಲು ಏನು ಉಪಯೋಗ? ಅದನ್ನು ಕೊಂಡು ತಮ್ಮ ಗಾಡಿಗೆ ಹಾಕಿಸಿಕೊಂಡು ಕಛೇರಿಗೆ ಹೋದವರು ಮರ್ಯಾದಸ್ಥರೇ. ಕದ್ದ ಮಾಲೆಂದು ತಿಳಿದು, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಕೊಳ್ಳುವುದು ಅಪರಾಧವೆಂದು ಹಳೆಯ ದಂಡಸಂಹಿತೆಯ 411ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 317ನೆಯ ಕಲಮು ಅದನ್ನೇ ಹೇಳುತ್ತದೆ. ‘ನಂಬಲು ಕಾರಣ’ ಎಂಬ ಮಾತನ್ನು ಗಮನಿಸಬೇಕು. ಪೇಟೆಯಲ್ಲಿ ಹತ್ತು ರೂಪಾಯಿಯ ಮಾಲನ್ನು ಒಬ್ಬನು ಕತ್ತಲಾದ ಮೇಲೆ ಎರಡು ರೂಪಾಯಿಗೆ ಕೊಡುವಾಗ, ಆ ಬೆಲೆಯೇ ಬಾಯಿ ಬಿಟ್ಟು ಹೇಳುತ್ತಿರುತ್ತದೆ. ಕೇಳಿಸದವನ ಕಿವಿಯಲ್ಲಿ ದೋಷವಿಲ್ಲ.

ಇದರಿಂದ ಗುಜರಿಯವರೆಲ್ಲ ಕಳ್ಳರೆಂದು ಭಾವಿಸುವುದು ಇನ್ನೊಂದು ಅನ್ಯಾಯ. ಹೆಚ್ಚಿನವರು ಹರಾಜಿನಲ್ಲಿ, ಗ್ಯಾರೇಜಿನಲ್ಲಿ ಕಾಸು ಕೊಟ್ಟು ಕೊಂಡು, ಬೆವರು ಸುರಿಸಿ ಬಿಚ್ಚಿ ಮಾರುವವರು. ‘ಅದು ಕಳ್ಳರ ಸಂತೆ’ ಎಂದು ಮೂಗು ಮುರಿಯುವ ನಾವೇ ಅಲ್ಲಿ ಹೋಗಿ ಇನ್ನೂ ಐವತ್ತು ರೂಪಾಯಿ ಇಳಿಸೆಂದು ಹಠ ಹಿಡಿಯುತ್ತೇವೆ. ಯಾವ ಗಾಡಿಯದು, ರಸೀದಿ ಕೊಡುವಿರಾ ಎಂದು ಕೇಳಿದರೆ ಪ್ರಾಮಾಣಿಕ ವ್ಯಾಪಾರಿಗೆ ಅವಮಾನವಾಗದು. ಅವನ ಮಾಲಿಗೆ ಬೆಲೆ ಬರುತ್ತದೆ. ಕೇಳುವವರಿಲ್ಲದ ಪೇಟೆಯಲ್ಲಿ ಅವನೂ ಕಳ್ಳನೂ ಒಂದೇ ದರದಲ್ಲಿ ಮಾರಬೇಕಾಗುತ್ತದೆ. ಆಗ ಸೋಲುವವನು ಅವನೇ. ಹಳೆಯ ವಾಹನಗಳನ್ನು ನೋಂದಾಯಿತ ಕೇಂದ್ರಗಳಲ್ಲಿ, ದಾಖಲೆ ರದ್ದುಮಾಡಿಸಿ ಬಿಚ್ಚಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಳ್ಳೆಯದೇ. ಆದರೆ ಕೊಳ್ಳುವವನ ಬಾಯಲ್ಲಿ ಪ್ರಶ್ನೆಯಿಲ್ಲದಿದ್ದರೆ ನಿಯಮ ಗೋಡೆಯ ಮೇಲಿನ ಬರಹ.

ಪ್ರಶ್ನೆ ಕೇಳುವ ಹೊಣೆ ಕೊಳ್ಳುವವನದಾದರೆ, ಹೇಳುವ ಹೊಣೆ ಕೊಡುವವನದು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ನಡೆದದ್ದನ್ನು ಮರೆಯಬಾರದು. ದೆಹಲಿ ವಿಶ್ವವಿದ್ಯಾನಿಲಯದಲ್ಲಿ ವರ್ಷಗಟ್ಟಲೆ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಯಂತ್ರ ಹರಾಜಾಗಿ ಅಲ್ಲಿಗೆ ಬಂತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ಧಾತು ಇತ್ತು. ಬಿಚ್ಚಿದ ಕೈಗಳಿಗೆ ಅದು ಬರೀ ಹೊಳೆಯುವ ಲೋಹ. ಹಲವರು ಕಾಯಿಲೆ ಬಿದ್ದರು. ಒಬ್ಬ ಕೆಲಸಗಾರ ಸತ್ತೇಹೋದ. ಒಳಗೆ ಏನಿದೆಯೆಂದು ಬಲ್ಲ ವಿದ್ಯಾವಂತರ ಕಡೆಯಿಂದ ಅದನ್ನು ತಿಳಿಯದವರ ಕೈಗೆ ವಸ್ತು ಇಳಿದು ಹೋಯಿತು. ತಿಳಿವಳಿಕೆ ಮಾತ್ರ ಮೇಲೆಯೇ ಉಳಿಯಿತು. ನಮ್ಮ ಹಳೆಯ ಕಾರಿನಲ್ಲಿ ಕೋಬಾಲ್ಟ್ ಇಲ್ಲ ನಿಜ. ಆದರೆ ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಇವೆ, ಹಳೆಯ ಬ್ರೇಕು ಪಟ್ಟಿಗಳ ಧೂಳಿನಲ್ಲಿ ಕಲ್ನಾರು ಇರಬಹುದು. ಬರಿಗೈಯಲ್ಲಿ ಅದನ್ನು ಕೆರೆಯುವ ಹುಡುಗನ ಉಸಿರು ನಮ್ಮ ಅಗ್ಗದ ದರದಲ್ಲಿ ಸೇರಿದೆ. ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಿನಲ್ಲಿ ಬರೆಯುವುದಿಲ್ಲ, ಅಷ್ಟೆ.

ನಮ್ಮಲ್ಲಿ ಋಣವೆಂಬ ಮಾತಿಗೆ ಸಾಲವೆಂಬುದಕ್ಕಿಂತ ಹೆಚ್ಚಿನ ಅರ್ಥವಿದೆ. ಸಾಲವನ್ನು ಕೊಟ್ಟವನಿಗೇ ತೀರಿಸಬೇಕು. ಋಣವನ್ನು ಪಡೆದದ್ದು ಹಿಂದಿನವರಿಂದ, ತೀರಿಸುವುದು ಮುಂದಿನವರಿಗೆ. ಹೊಸ ಕಾರು ಕೊಂಡವನಿಗೂ ಋಣವಿದೆ; ಅವನ ತಗಡೂ ಯಾವ ಹಳೆಯ ಗಾಡಿ ಕರಗಿ ಬಂದದ್ದೋ! ಆದರೆ ಅದು ಅವನ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಗಾಡಿಯವನಿಗೆ ಮರೆಯಲು ಅವಕಾಶವಿಲ್ಲ. ಎಡಬಾಗಿಲಿನ ಹಿಡಿ ಒಬ್ಬರದು, ಮೂರು ಮೂಲೆಯ ಗಾಜು ಇನ್ನೊಬ್ಬರದು, ಡೈನಮೋ ಯಾವುದೋ ಊರಿನ ಟ್ಯಾಕ್ಸಿಯದು. ಅವರಾರೂ ನನಗೆ ಗೊತ್ತಿಲ್ಲ. ಅವರು ಜೋಪಾನ ಮಾಡಿದ್ದರಿಂದ ನನ್ನದು ಓಡುತ್ತಿದೆ.

ಅವರಿಗೆ ನಾನು ಏನನ್ನೂ ಹಿಂದಿರುಗಿಸಲಾರೆ. ಮುಂದೆ ಬರುವವನಿಗೆ ಮಾಡಬಹುದಾದದ್ದು ಇಷ್ಟು. ನನ್ನ ಗಾಡಿಯೂ ಒಂದು ದಿನ ಬಿಚ್ಚುವವರ ಕೈ ಸೇರುತ್ತದೆ. ಆಗ ಅದರ ಕಾಗದಪತ್ರದ ಜೊತೆಯಲ್ಲಿ ಒಂದು ಚೀಟಿ ಇರಬೇಕು: ಯಾವುದು ಗಟ್ಟಿಯಾಗಿದೆ, ಯಾವುದನ್ನು ಯಾವ ವರ್ಷ ಎಷ್ಟು ಉಜ್ಜಿಸಿದೆ, ಯಾವುದು ಎಲ್ಲಿಂದ ಬಂತು, ಯಾವುದನ್ನು ಯಾರೂ ಮತ್ತೆ ಬಳಸಬಾರದು. ಆ ಚೀಟಿಯನ್ನು ಈಗಾಗಲೇ ಬರೆಯಲು ತೊಡಗಿದ್ದೇನೆ. ಪ್ರತಿ ದುರಸ್ತಿಗೂ ಒಂದು ಸಾಲು ಸೇರುತ್ತಿದೆ.